ಮಿನಿಕಾಯ್ ಅಜ್ಜಂದಿರ ಗಾಳ

ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್‌ನಲ್ಲಿ ಮೀನುಗಾರ ಅಜ್ಜನ ದಿನ ಶುರುವಾಗುತ್ತಿದ್ದುದು ಬೆರಳುದ್ದದ ಎರೆಮೀನಿನಿಂದ, ಅಂದರೆ ದೊಡ್ಡ ಟ್ಯೂನಾ ಮೀನನ್ನು ಸೆಳೆಯುವ ಪುಟ್ಟ ಮೀನಿನಿಂದ. ಬೆಳಗ್ಗೆ ಬೇಗ ಲಗೂನಿನ (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು) ಹವಳದ ಬಳಿ ಬಲೆ ಇಳಿಸಿ, ಎರೆಮೀನುಗಳು ಬಲೆಯ ಮೇಲೆ ಬಂದು ನಿಂತಾಗ ನಾಲ್ಕೂ ಮೂಲೆ ಎತ್ತಬೇಕು. ಹಿಡಿದದ್ದೆಲ್ಲ ದೋಣಿಯೊಳಗಿನ ನೀರಿನ ತೊಟ್ಟಿಗೆ. ತಳದ ತೂತುಗಳಿಂದ ಸಮುದ್ರದ ನೀರು ಬಂದು ಹೋಗುತ್ತಿರುತ್ತದೆ. ಆಸೆಬಿದ್ದು ಹೆಚ್ಚು ತುಂಬಿದರೆ ಉಸಿರುಗಟ್ಟಿ ಸಾಯುತ್ತವೆ. ಜೀವಂತ ಎರೆ ಇಲ್ಲದಿದ್ದರೆ ಟ್ಯೂನಾ ಹಿಂಡು ನಿಲ್ಲುವುದಿಲ್ಲ, ಅಂದಿನ ದುಡಿಮೆ ಅಲ್ಲಿಗೇ ಮುಗಿಯಿತು.

ಹಕ್ಕಿಗಳು ಸುತ್ತುವ ಕಡೆ ಹಿಂಡು. ಒಬ್ಬ ಎರೆ ಎರಚುತ್ತಾನೆ, ಮತ್ತೊಬ್ಬ ನೀರು ಚಿಮ್ಮಿಸುತ್ತಾನೆ. ಕಲಕಿದ ನೀರಲ್ಲಿ ಮೀನು ಯಾವುದು, ಗಾಳ ಯಾವುದು ಟ್ಯೂನಾಗೆ ತಿಳಿಯುವುದಿಲ್ಲ. ಹೊಳೆಯುವ ಆ ಗಾಳಕ್ಕೆ ಮೀನು ಕಳಚದಂತೆ ತಡೆಯುವ ಹಿಮ್ಮುಳ್ಳೇ ಇಲ್ಲ. ಬಿದಿರ ಗಳವನ್ನು ಹಿಂದಕ್ಕೆ ಬೀಸಿದಾಗ ದಾರ ಸಡಿಲವಾಗಿ ಮೀನು ತಾನೇ ಕಳಚಿ ದೋಣಿಗೆ ಬೀಳುತ್ತದೆ. ಅರ್ಧದಲ್ಲೇ ಸಡಿಲಬಿಟ್ಟರೆ ಮತ್ತೆ ಸಮುದ್ರಕ್ಕೆ. ಬೇಡದ ಮೀನು, ಆಮೆಗಳು ಸಿಕ್ಕಿ ಸಾಯುವುದು ತೀರಾ ಅಪರೂಪ. ಇಷ್ಟು ಹಸನಾದ ಮೀನುಗಾರಿಕೆ ವಿದ್ಯೆ ವಿರಳ.

ದಡಕ್ಕೆ ಬಂದ ಮೇಲೆ ಮೀನನ್ನು ಉದ್ದಕ್ಕೆ ನಾಲ್ಕು ಸೀಳಿ, ಉಪ್ಪುನೀರಲ್ಲಿ ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೆ ಒಣಗಿಸಿದರೆ ‘ಮಾಸ್’. ತಟ್ಟಿದರೆ ಮರದ ತುಂಡಿನಂತೆ ಸದ್ದು ಬರಬೇಕು. ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ದೋಣಿ ಇಳಿಯದ ಮಳೆಗಾಲಕ್ಕೆ ಅಡುಗೆಮನೆಯ ಆಸರೆ ಇದೇ.