ನಂದಿ ಬೆಟ್ಟದ ಬುಡದಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ

ನಮ್ಮ ಚಿಕ್ಕಬಳ್ಳಾಪುರದ ಕಡೆ ಯಾರಾದರೂ ಮಹಡಿ ಮೇಲೆ ಎರಡು ರೂಮು ಏರಿಸಿದರೆ ಸಾಕು, ಜನ ಕೇಳುವುದು ಒಂದೇ: "ಬಾಡಿಗೆಗೋ, ಹೋಂಸ್ಟೇಗೋ?"

ಲೆಕ್ಕ ಸುಲಭ. ಮನೆಗೆ ತಿಂಗಳ ಬಾಡಿಗೆ 8 ಸಾವಿರ ಅಂದುಕೊಳ್ಳಿ. ಅದೇ ಮನೆಗೆ ನಾಲ್ಕು ಮಂಚ, ಒಂದಿಷ್ಟು ಸೀರಿಯಲ್ ಲೈಟು ಹಾಕಿ, ಬೆಳಗ್ಗೆ ಸೂರ್ಯೋದಯ ನೋಡಲು ಬರುವ ಬೆಂಗಳೂರಿನವರಿಗೆ ಶನಿವಾರ ರಾತ್ರಿ 4 ಸಾವಿರಕ್ಕೆ ಕೊಟ್ಟರೆ, ಎರಡೇ ಶನಿವಾರಕ್ಕೆ ಆ ದುಡ್ಡು ಬಂತು. ಸೋಮವಾರದಿಂದ ಗುರುವಾರದವರೆಗೆ ಬೀಗ ಹಾಕಿದ್ದರೂ ನಷ್ಟವಿಲ್ಲ. ಓನರ್‌ಗಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬೋರ್‌ವೆಲ್ ಕೈಕೊಟ್ಟು, ದ್ರಾಕ್ಷಿ ರೇಟು ಬಿದ್ದು ಸಾಲ ಮಾಡಿಕೊಂಡವರು ಮತ್ತೇನು ಮಾಡಬೇಕು?

ಆದರೆ ಆ ಮಂಚದ ಬೆಡ್‌ಶೀಟ್ ಬದಲಿಸುವ ಹುಡುಗ ಎಲ್ಲಿರಬೇಕು? ನಮ್ಮ ಸಂಬಂಧಿಕರ ಹುಡುಗ ಬೆಟ್ಟದ ಬುಡದ ಒಂದು ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಾನೆ. ಮದುವೆಯಾದ ಮೇಲೆ ನಂದಿ, ಸುಲ್ತಾನ್‌ಪೇಟೆ, ಕಾರಹಳ್ಳಿ ಕ್ರಾಸ್ ಎಲ್ಲ ಸುತ್ತಿದ. "ಭೋಗ್ಯಕ್ಕೆಲ್ಲ ಈಗ ಕೊಡಲ್ಲಪ್ಪ, ವೀಕೆಂಡ್ ಬುಕಿಂಗ್ ಇರುತ್ತೆ" ಅಂದರಂತೆ. ಈಗ ಟೌನಿನಲ್ಲಿ ಮನೆ ಮಾಡಿ ದಿನಾ ಬೈಕಿನಲ್ಲಿ ಓಡಾಡುತ್ತಾನೆ, ಪೆಟ್ರೋಲ್ ಖರ್ಚು ಅವನದೇ. ವರ್ಗವಾಗಿ ಬರುವ ಮೇಷ್ಟ್ರು, ನರ್ಸ್‌ಗಳದ್ದೂ ಇದೇ ಪಾಡು.

ಎಲ್ಲವನ್ನೂ ಪ್ರವಾಸಿಗರ ತಲೆಗೆ ಕಟ್ಟುವುದು ಸರಿಯಲ್ಲ ಬಿಡಿ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದಾಗಲೇ ಜಮೀನಿನ ಬೆಲೆ ಏರತೊಡಗಿತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದರು, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಶಿವನ ಪ್ರತಿಮೆ ಬಂದ ಮೇಲೆ ಆ ಕಡೆಯೂ ಜನ ಜಾಸ್ತಿ. ಎಕರೆಯಲ್ಲಿ ಮಾತಾಡುತ್ತಿದ್ದ ಬ್ರೋಕರ್‌ಗಳು ಈಗ ಚದರಡಿಯಲ್ಲಿ ಮಾತಾಡುತ್ತಾರೆ. ಇಲ್ಲೇ ಹುಟ್ಟಿದವನು ಒಂದು 30-40 ಸೈಟಿಗೆ ಆಸೆಪಟ್ಟರೆ ಪೈಪೋಟಿ ಐಟಿ ಸಂಬಳದ ಜೊತೆ.

ಬೇರೆ ಊರುಗಳೂ ಇದರಲ್ಲಿ ಸುಟ್ಟುಕೊಂಡಿವೆ. ಪ್ರವಾಸಿಗರಿಗೆ ಕೊಡುವ ಫ್ಲ್ಯಾಟ್‌ಗಳ ಲೈಸೆನ್ಸ್‌ಗಳನ್ನೆಲ್ಲ 2028ರೊಳಗೆ ಮುಗಿಸುತ್ತೇವೆ ಅಂತ ಬಾರ್ಸಿಲೋನಾದ ಮೇಯರ್ 2024ರಲ್ಲಿ ಹೇಳಿದರು, ಅವು 10 ಸಾವಿರಕ್ಕೂ ಹೆಚ್ಚು. ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಣಿ ಮಾಡಿಸಿ, ಅತಿಥಿಗಳಿರುವಾಗ ತಾವೂ ಅದೇ ಮನೆಯಲ್ಲಿ ಇರಬೇಕು. ನಮಗೆ ಇದು ಹೊಸದೇನಲ್ಲ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲೂ ಮನೆಯವರು ಅಲ್ಲೇ ವಾಸವಿರಬೇಕು, ಬಾಡಿಗೆಗೆ ಹೆಚ್ಚೆಂದರೆ 6 ರೂಮು. ಈ ಗೆರೆ ನನಗೆ ಸರಿ ಅನಿಸುತ್ತದೆ. ಕೆಳಗೆ ತಾವಿದ್ದು ಮೇಲಿನ ಎರಡು ರೂಮು ಕೊಡುವ ಅಜ್ಜಿಯನ್ನು ಯಾರೂ ಮುಟ್ಟಬಾರದು. ಬೆಂಗಳೂರಿನಲ್ಲಿ ಕೂತು ಇಲ್ಲಿ ನಾಲ್ಕು ಮನೆ ಹಿಡಿದು ಆ್ಯಪ್‌ನಲ್ಲಿ ಹಾಕುವವರು ಮಾತ್ರ ಹೋಟೆಲಿನವರಂತೆ ತೆರಿಗೆ ಕಟ್ಟಲಿ.

ಇನ್ನೊಂದು. ರೆಸಾರ್ಟ್‌ಗೆ ಅನುಮತಿ ಕೊಡುವಾಗಲೇ ಕೆಲಸದವರಿಗೆ ಕ್ವಾರ್ಟರ್ಸ್ ಕಟ್ಟಿಸಬೇಕು ಅಂತ ಷರತ್ತು ಹಾಕಬಹುದು ಅಲ್ವಾ? ಈಜುಕೊಳಕ್ಕೆ, ಪಾರ್ಕಿಂಗ್‌ಗೆ ಗುಂಟೆಗಟ್ಟಲೆ ಜಾಗ ಸಿಗುತ್ತದೆ. ಹತ್ತು ಸಂಸಾರಕ್ಕೆ ಒಂದೊಂದು ರೂಮು, ಅಡುಗೆಮನೆ ಕಟ್ಟಲು ಸಿಗುವುದಿಲ್ಲವಾ?