ಆರ್‌ಸಿ ವಿಮಾನದ ಟ್ರಿಮ್: ಗುಂಡಿ ಒತ್ತುವ ಮುಂಚೆ, ಒತ್ತಿದ ಮೇಲೆ

ಸ್ಟಿಕ್ ಮುಟ್ಟದೆಯೂ ಆರ್‌ಸಿ (ರೇಡಿಯೋ ನಿಯಂತ್ರಿತ) ವಿಮಾನ ನೆಟ್ಟಗೆ ಹೋಗುವಂತೆ ರೇಡಿಯೋದ ಸಣ್ಣ ಗುಂಡಿಗಳಿಂದ ಮಾಡುವ ಹೊಂದಾಣಿಕೆಯೇ ಟ್ರಿಮ್; ಗುಂಡಿಯ ಒಂದು ಒತ್ತು ಒಂದು ಕ್ಲಿಕ್. ಹೊಸ ಮಾಡೆಲ್ ಮೊದಲ ಸಲ ಮೇಲೆದ್ದು ಎಡಕ್ಕೆ ವಾಲಿದರೆ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನ ತಿರುಗುವ ಭಾಗ) ಟ್ರಿಮ್ ಬಲಕ್ಕೆ ನಾಲ್ಕು ಕ್ಲಿಕ್, ಮೂಗು ತಗ್ಗಿದರೆ ಎಲಿವೇಟರ್ (ಬಾಲದ ಅಡ್ಡ ರೆಕ್ಕೆಯ ತಿರುಗುವ ಭಾಗ) ಟ್ರಿಮ್ ಹಿಂದಕ್ಕೆ ಹತ್ತು ಕ್ಲಿಕ್. ಕೈಬಿಟ್ಟರೂ ನೆಟ್ಟಗೆ ಹೋಗುತ್ತಿದೆ ಎಂದಾದ ಕೂಡಲೇ ಬಹಳ ಮಂದಿ ಕೆಲಸ ಮುಗಿಯಿತೆಂದು ರೇಡಿಯೋ ಚೀಲಕ್ಕೆ ಹಾಕುತ್ತಾರೆ. ಆದರೆ ಆ ಕ್ಲಿಕ್‌ಗಳು ಮಾಡೆಲ್‌ನಲ್ಲಿರುವ ಒಂದು ದೋಷದ ಅಳತೆ. ದೋಷವನ್ನು ಹುಡುಕಿ ತೆಗೆಯದಿದ್ದರೆ ವೇಗ ಬದಲಾದಾಗ, ಬಿಸಿಲೇರಿದಾಗ, ಬ್ಯಾಟರಿ ಒಂದಿಷ್ಟು ಆಚೀಚೆ ಕೂತಾಗ ಅದೇ ವಿಮಾನ ಮತ್ತೆ ಬೇರೆ ಕಡೆ ಎಳೆಯುತ್ತದೆ.

ಮೊದಲು ಮೇಜಿನ ಮೇಲಿನ ಕೆಲಸ. ಪ್ರೊಪೆಲ್ಲರ್ ಬಿಚ್ಚಿಡಿ, ಇದರಲ್ಲಿ ವಿನಾಯಿತಿ ಬೇಡ. ರೇಡಿಯೋದಲ್ಲಿ ಸರಿಯಾದ ಮಾಡೆಲ್ ಮೆಮೊರಿ ಆರಿಸಿ, ಎಲ್ಲ ಟ್ರಿಮ್‌ಗಳನ್ನೂ ನಡುವಿಗೆ ತನ್ನಿ; ಡಿಜಿಟಲ್ ಟ್ರಿಮ್ ಆದರೆ ನಡುವಿಗೆ ಬಂದಾಗ ಬೀಪ್ ಸದ್ದು ಬೇರೆಯಾಗುತ್ತದೆ. ಸಬ್‌ಟ್ರಿಮ್ (ಪ್ರತಿ ಚಾನೆಲ್‌ನ ನಡುವನ್ನೇ ಸರಿಸುವ ಸೆಟ್ಟಿಂಗ್) ಪುಟ ತೆರೆದು ಎಲ್ಲ ಚಾನೆಲ್ ಸೊನ್ನೆ ಮಾಡಿ. ಈಗ ಪ್ರತಿ ಸರ್ವೋಗೂ (ಎಲಿವೇಟರ್, ಏಲೆರಾನ್‌ಗಳನ್ನು ತಿರುಗಿಸುವ ಪುಟ್ಟ ಮೋಟಾರ್) ಸುಮಾರು 1500 ಮೈಕ್ರೋಸೆಕೆಂಡ್‌ನ ನಡು ಸಿಗ್ನಲ್ ಹೋಗುತ್ತಿರುತ್ತದೆ. ಈ ಸ್ಥಿತಿಯಲ್ಲಿ ಸರ್ವೋ ಆರ್ಮ್ (ಸರ್ವೋ ಮೇಲಿನ ಕೈ) ಪುಶ್‌ರಾಡ್‌ಗೆ (ಅಲ್ಲಿಂದ ಎಲಿವೇಟರಿನಂಥದಕ್ಕೆ ಹೋಗುವ ಕಡ್ಡಿ) 90 ಡಿಗ್ರಿಯಲ್ಲಿ ಕೂರಬೇಕು. ಆರ್ಮ್ ಒಂದು ಕಡೆ ವಾಲಿದ್ದರೆ ಸ್ಟಿಕ್ ಸಮನಾಗಿ ಸರಿಸಿದರೂ ಎಲಿವೇಟರ್ ಮೇಲಕ್ಕೆ ಒಂದಷ್ಟು, ಕೆಳಕ್ಕೆ ಇನ್ನೊಂದಷ್ಟು ಹೋಗುತ್ತದೆ.

90 ಡಿಗ್ರಿ ಸರಿಯಾಗಿ ಕೂರದೇ ಸ್ವಲ್ಪದರಲ್ಲಿ ತಪ್ಪುವುದು ಸಾಮಾನ್ಯ. ಆರ್ಮ್ ಕೂರುವ ಶಾಫ್ಟಿನಲ್ಲಿ 25 ಹಲ್ಲಿರುವ ಸರ್ವೋದಲ್ಲಿ ಒಂದು ಹಲ್ಲೆಂದರೆ 14.4 ಡಿಗ್ರಿ, ಅಂದರೆ ಬಹಳ ಒರಟು ಹೆಜ್ಜೆ. ಇಲ್ಲಿ ನಾಲ್ಕು ಕೈಯ ಆರ್ಮ್ ಉಪಯೋಗಕ್ಕೆ ಬರುತ್ತದೆ. ಕಾಲು ಸುತ್ತಿಗೆ ಆರೂಕಾಲು ಹಲ್ಲು ಬರುವುದರಿಂದ, ಒಂದೊಂದು ಕೈ ಹಲ್ಲಿನ ಕಾಲು ಭಾಗದಷ್ಟು ಬೇರೆ ಕೋನದಲ್ಲಿ ಕೂರುತ್ತದೆ. ನಾಲ್ಕೂ ಕೈಗಳನ್ನು ಸುತ್ತಿ ಹಾಕಿ ನೋಡಿದರೆ 3.6 ಡಿಗ್ರಿಯ ಹೆಜ್ಜೆ ಸಿಕ್ಕಂತಾಯಿತು. 90ಕ್ಕೆ ಅತಿ ಹತ್ತಿರ ಕೂರುವ ಕೈಯನ್ನು ಉಳಿಸಿಕೊಂಡು ಉಳಿದ ಮೂರನ್ನು ಕತ್ತರಿಸಿ. 24 ಹಲ್ಲಿನ ಸರ್ವೋದಲ್ಲಿ ಈ ಉಪಾಯ ನಡೆಯದು, ಕಾಲು ಸುತ್ತಿಗೆ ಸರಿಯಾಗಿ ಆರು ಹಲ್ಲು ಬೀಳುವುದರಿಂದ ನಾಲ್ಕೂ ಕೈ ಒಂದೇ ಕೋನ ಕೊಡುತ್ತವೆ. ಇಷ್ಟಾದ ಮೇಲೆ ಉಳಿಯುವ ಒಂದೆರಡು ಡಿಗ್ರಿಗೆ ಮಾತ್ರ ಸಬ್‌ಟ್ರಿಮ್. ಅದು ಶೇಕಡಾ 10–15 ದಾಟುತ್ತಿದೆಯೆಂದರೆ ಆರ್ಮ್ ಮತ್ತೆ ಬಿಚ್ಚಿ ಹಾಕುವುದೇ ಸರಿ, ಏಕೆಂದರೆ ಸಬ್‌ಟ್ರಿಮ್ ಹೆಚ್ಚಿದಷ್ಟೂ ಸರ್ವೋ ಒಂದು ಬದಿಯಲ್ಲಿ ಬೇಗ ತನ್ನ ಮಿತಿ ಮುಟ್ಟುತ್ತದೆ.

ಆರ್ಮ್ ಕೂತ ಮೇಲೆ ಎಲಿವೇಟರನ್ನು ಹಿಂದಿನ ಸ್ಥಿರ ರೆಕ್ಕೆಯ ಸಮಕ್ಕೆ ತರುವುದು ಕ್ಲೆವಿಸ್ (ಪುಶ್‌ರಾಡ್ ತುದಿಯ ತಿರುಪಿನ ಕೊಕ್ಕೆ) ತಿರುಗಿಸಿ. ಎಂ2 (2 ಮಿ.ಮೀ. ತಿರುಪಿನ) ಪುಶ್‌ರಾಡ್‌ನಲ್ಲಿ ಒಂದು ಪೂರ್ತಿ ಸುತ್ತಿಗೆ 0.4 ಮಿ.ಮೀ. ಹಾರ್ನ್‌ನ (ಎಲಿವೇಟರಿಗೆ ಅಂಟಿದ, ಕಡ್ಡಿ ಸಿಕ್ಕಿಸುವ ಪುಟ್ಟ ಕೈ) ತೂತು ಹಿಂಜ್‌ನಿಂದ 10 ಮಿ.ಮೀ. ದೂರವಿದ್ದರೆ ಒಂದು ಸುತ್ತು ಎಲಿವೇಟರನ್ನು ಸುಮಾರು 2.3 ಡಿಗ್ರಿ ಸರಿಸುತ್ತದೆ. ಅರ್ಧ ಸುತ್ತು ಬೇಕಿದ್ದರೆ ಕ್ಲೆವಿಸ್ ತಿರುಗಿಸಿ ಹಾಕಿ. ಫೋಮ್ ಮಾಡೆಲ್‌ಗಳಲ್ಲಿ ಕ್ಲೆವಿಸ್ ಬದಲು ಸ್ಕ್ರೂ ಸ್ಟಾಪರ್ ಇರುತ್ತದೆ. ಅದರ ಸ್ಕ್ರೂ ಸಡಿಲಾದರೆ ಟ್ರಿಮ್ ಹಾರಾಟದ ನಡುವೆಯೇ ಓಡಿಹೋಗುತ್ತದೆ. ಆದ್ದರಿಂದ ತಂತಿಯ ಮೇಲೆ ಅರದಿಂದ ಒಂದು ಸಣ್ಣ ಚಪ್ಪಟೆ ಜಾಗ ಮಾಡಿ ಸ್ಕ್ರೂ ಅಲ್ಲಿ ಕೂರುವಂತೆ ಬಿಗಿ ಮಾಡಿ.

ಇನ್ನು ಸಿಜಿ, ಅಂದರೆ ವಿಮಾನದ ತೂಕ ಸಮತೂಗುವ ಬಿಂದು. ಇದನ್ನು ಬಿಟ್ಟು ಎಲಿವೇಟರ್ ಟ್ರಿಮ್ ಮಾಡುವುದು ವ್ಯರ್ಥ. ಕೈಪಿಡಿಯಲ್ಲಿ ಕೊಟ್ಟ ಅಳತೆ ಇಲ್ಲದಿದ್ದರೆ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ ಅದರ ಸರಾಸರಿ ಅಗಲದ ಶೇಕಡಾ 25ರಿಂದ 30ರ ನಡುವೆ ಇಟ್ಟು ಶುರು ಮಾಡಿ. 1.2 ಕೆ.ಜಿ. ವಿಮಾನದಲ್ಲಿ 180 ಗ್ರಾಂ ಬ್ಯಾಟರಿ 1 ಸೆಂ.ಮೀ. ಹಿಂದಕ್ಕೆ ಜರುಗಿದರೆ ಸಿಜಿ 1.5 ಮಿ.ಮೀ. ಹಿಂದೆ ಹೋಗುತ್ತದೆ, ಅದು ಎಲಿವೇಟರ್ ಟ್ರಿಮ್‌ನಲ್ಲಿ ಕಾಣುವಷ್ಟು ದೊಡ್ಡದು. ಬ್ಯಾಟರಿ ಕೂರುವ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದಿಡಿ.

ಎಲೆಕ್ಟ್ರಿಕ್ ಮಾಡೆಲ್‌ನಲ್ಲಿ ಥ್ರಾಟಲ್ ಟ್ರಿಮ್ ಮುಟ್ಟಬೇಡಿ. ಅದು ಮೇಲಿದ್ದರೆ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಸ್ಟಿಕ್ ಕೆಳಗಿಲ್ಲವೆಂದು ತಿಳಿದು ಬೀಪ್ ಮಾಡುತ್ತಲೇ ಇರುತ್ತದೆ, ಮೋಟಾರ್ ತಿರುಗುವುದಿಲ್ಲ.

ಹಾರಿಸುವ ಹೊತ್ತಿನ ವಿಚಾರ. ವಿಜಯಪುರ, ಬಾಗಲಕೋಟೆ ಕಡೆ ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಎರೆ ಹೊಲಗಳು ಖಾಲಿಯಾಗುತ್ತವೆ, ಹಾರಿಸಲು ಜಾಗಕ್ಕೆ ಬರವಿಲ್ಲ. ಆದರೆ ಆ ಕರಿ ಮಣ್ಣು ಬಿಸಿಲಿಗೆ ಬೇಗ ಕಾಯುತ್ತದೆ. ಹೊತ್ತೇರಿದಂತೆ ಬಿಸಿಗಾಳಿ ಮೇಲೇಳಲು ಶುರುವಾಗಿ, ಅದು ವಿಮಾನವನ್ನು ಎತ್ತಿದಾಗ ಎಲಿವೇಟರ್ ಟ್ರಿಮ್ ಹೆಚ್ಚಾಗಿದೆಯೆಂದು ಅನ್ನಿಸುತ್ತದೆ. ಟ್ರಿಮ್ ಇಳಿಸಿದರೆ ಮುಂದಿನ ಸುತ್ತಿನಲ್ಲಿ ಮೂಗು ಕೆಳಗೆ. ಬೆಳಗಾವಿಯಲ್ಲಿ ಆಷಾಢದ ಗಾಳಿ ಇದಕ್ಕಿಂತ ಕಷ್ಟ. ಟ್ರಿಮ್ ಹಾರಾಟಕ್ಕೆ ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಗಿಂತ ಒಳ್ಳೆಯ ಹೊತ್ತಿಲ್ಲ. ಬೆಳಗಾವಿಯವರು ಸಾಂಬ್ರಾ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಕೆಂಪು, ಹಳದಿ (ನಿರ್ಬಂಧವಿರುವ) ವಲಯ ನೋಡಿಕೊಂಡೇ ಜಾಗ ಆರಿಸಬೇಕು.

ಮೇಲೆದ್ದ ತಕ್ಷಣ ಟ್ರಿಮ್‌ಗೆ ಬೆರಳು ಹಾಕಬೇಡಿ. ಸ್ಟಿಕ್‌ನಲ್ಲೇ ಹಿಡಿದು 40–50 ಮೀಟರ್ ಎತ್ತರಕ್ಕೆ ಒಯ್ದು, ಥ್ರಾಟಲ್ ಅರ್ಧಕ್ಕೆ ಇಳಿಸಿ, ವೇಗ ನಿಲ್ಲುವ ತನಕ ಕಾಯಿರಿ. ನೇರ ಹೋಗಲು ಸ್ಟಿಕ್ ಯಾವ ಕಡೆ ಒತ್ತಿ ಹಿಡಿಯಬೇಕಾಗಿದೆಯೋ ಟ್ರಿಮ್ ಅದೇ ಕಡೆ. ಎರಡು ಕ್ಲಿಕ್ ಕೊಟ್ಟು ಸ್ಟಿಕ್ ಸ್ವಲ್ಪ ಸಡಿಲಿಸಿ, ಮತ್ತೆ ಎರಡು. ಮೊದಲು ಎಲಿವೇಟರ್, ಆಮೇಲೆ ಏಲೆರಾನ್, ಕೊನೆಗೆ ರಡ್ಡರ್ (ಬಾಲದ ನೆಟ್ಟನೆಯ ರೆಕ್ಕೆಯ ತಿರುಗುವ ಭಾಗ). ಗಾಳಿಗೆ ಎದುರಾಗಿ ಒಮ್ಮೆ, ಗಾಳಿ ಹಿಂದಿಟ್ಟುಕೊಂಡು ಒಮ್ಮೆ ಹಾರಿಸಿ ನೋಡಿ. ಗಾಳಿಯ ಜೊತೆ ಹೋಗುವಾಗ ನೆಲದ ಮೇಲಿನ ವೇಗ ಹೆಚ್ಚು ಕಂಡು ಥ್ರಾಟಲ್ ಇಳಿಸಿಬಿಡುವುದು ಸಹಜ. ಆಗ ಗಾಳಿಯಲ್ಲಿನ ವೇಗ ನಿಜಕ್ಕೂ ಕಡಿಮೆಯಾಗಿ ಮೂಗು ತಗ್ಗುತ್ತದೆ, ನಾವು ಟ್ರಿಮ್ ಮೇಲೆ ಅನುಮಾನ ಪಡುತ್ತೇವೆ.

ಈಗ ದೋಷ ಎಲ್ಲಿದೆ ಎಂದು ತಿಳಿಯುವ ಘಟ್ಟ. ನನ್ನ ಮಟ್ಟಿಗೆ ಇಡೀ ಟ್ರಿಮ್ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಅರ್ಧ ಥ್ರಾಟಲ್‌ನಲ್ಲಿ ನೆಟ್ಟಗೆ ಹೋಗುವ ವಿಮಾನದ ವೇಗ ಬದಲಿಸಿ. ರೆಕ್ಕೆ ಸೊಟ್ಟಗಿದ್ದು ಅದನ್ನು ಏಲೆರಾನ್ ಟ್ರಿಮ್‌ನಿಂದ ಸರಿತೂಗಿಸಿದ್ದರೆ, ಎರಡರ ಬಲವೂ ವೇಗದ ವರ್ಗಕ್ಕೆ ತಕ್ಕಂತೆ ಜೊತೆಜೊತೆಗೆ ಏರಿಳಿಯುತ್ತವೆ. ಹಾಗಾಗಿ ಎಲ್ಲ ವೇಗದಲ್ಲೂ ನೇರ ಹಾರಾಟ ಸಿಗುತ್ತದೆ. ಆದರೆ ಒಂದು ರೆಕ್ಕೆ ಭಾರವಾಗಿದ್ದು ಅದನ್ನು ಏಲೆರಾನ್ ಎತ್ತಿ ಹಿಡಿದಿದ್ದರೆ ಕಥೆ ಬೇರೆ. ವೇಗ ಇಮ್ಮಡಿಯಾದಾಗ ಏಲೆರಾನ್‌ನ ಬಲ ನಾಲ್ಕು ಪಟ್ಟಾಗುತ್ತದೆ, ರೆಕ್ಕೆಯ ತೂಕ ಇದ್ದಷ್ಟೇ ಇರುತ್ತದೆ. ವಿಮಾನ ಹಗುರ ಬದಿಗೆ ಉರುಳುತ್ತದೆ. ನಿಧಾನವಾದರೆ ಭಾರದ ಬದಿ ಕೆಳಗೆ ಬೀಳುತ್ತದೆ, ಅದೂ ಇಳಿಸುವ ಹೊತ್ತಿಗೆ, ನೆಲದಿಂದ ಒಂದೆರಡು ಮೀಟರ್ ಎತ್ತರದಲ್ಲಿ. ಮನೆಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಮತ್ತು ಬಾಲದ ಬಳಿ ದಾರ ಕಟ್ಟಿ ತೂಗುಹಾಕಿ. ಯಾವ ಬದಿ ತಗ್ಗುತ್ತದೋ ಅದರ ಎದುರಿನ ರೆಕ್ಕೆಯ ತುದಿಗೆ ತೂಕ ಅಂಟಿಸಿ. ತುದಿಯಲ್ಲಾದರೆ ಕೆಲವೇ ಗ್ರಾಂ ಸಾಕಾಗುತ್ತದೆ.

ಎಲಿವೇಟರ್‌ಗೂ ಇದೇ ತರ್ಕ. ಮೂಗು ಭಾರವಾಗಿದ್ದು ಎಲಿವೇಟರ್ ಟ್ರಿಮ್ ಮೇಲಕ್ಕೆ ಕೊಟ್ಟಿದ್ದರೆ ವೇಗ ಏರಿದಂತೆ ವಿಮಾನ ಮೇಲೇರುತ್ತದೆ. ಆದರೆ ಮೋಟಾರಿನ ಕೋನ ತಪ್ಪಿದ್ದರೂ ಥ್ರಾಟಲ್ ಕೊಟ್ಟಾಗ ಮೂಗು ಏರುವುದರಿಂದ ಎರಡನ್ನೂ ಬೇರೆ ಮಾಡಿ ನೋಡಬೇಕು. ಥ್ರಾಟಲ್ ಪೂರ್ತಿ ಕೊಟ್ಟ ಕ್ಷಣವೇ, ವೇಗ ಕೂಡುವ ಮುನ್ನವೇ ಮೂಗು ಏರಿದರೆ ಮೋಟಾರಿನ ಕೋನ. ಎರಡು ಮೂರು ಸೆಕೆಂಡ್ ತಡೆದು, ವೇಗ ಬಂದ ಮೇಲೆ ಏರಿದರೆ ಸಿಜಿ. ಖಾತ್ರಿಗೆ ಒಳ್ಳೆಯ ಎತ್ತರದಿಂದ ಥ್ರಾಟಲ್ ಇಳಿಸಿ ಸುಮಾರು 45 ಡಿಗ್ರಿ ಕೆಳಮುಖ ಮಾಡಿ ಸ್ಟಿಕ್ ಬಿಡಿ. ತಾನಾಗಿ ಜೋರಾಗಿ ಮೇಲೆದ್ದರೆ ಮೂಗು ಭಾರ, ಇನ್ನೂ ಕಡಿದಾಗಿ ಒಳಕ್ಕೆ ಬಾಗಿದರೆ ಬಾಲ ಭಾರ, ನಿಧಾನವಾಗಿ ಎದ್ದರೆ ಸರಿ. ಮೋಟಾರಿನ ಕೋನಕ್ಕೆ ಮದ್ದು ವಾಷರ್. ಬೋಲ್ಟ್‌ಗಳ ನಡುವೆ 25 ಮಿ.ಮೀ. ಅಂತರವಿದ್ದರೆ ಮೇಲಿನ ಬೋಲ್ಟ್‌ಗಳ ಹಿಂದೆ 0.5 ಮಿ.ಮೀ. ವಾಷರ್ ಹಾಕಿದಾಗ ಶಾಫ್ಟ್ ಸುಮಾರು 1.1 ಡಿಗ್ರಿ ಕೆಳಗೆ ನೋಡುತ್ತದೆ. ಥ್ರಾಟಲ್ ಕೊಟ್ಟಾಗ ಎಡಕ್ಕೆ ಎಳೆಯುತ್ತಿದ್ದರೆ, ಪೈಲಟ್ ಕೂತು ನೋಡುವ ದಿಕ್ಕಿನ ಎಡ ಬೋಲ್ಟ್‌ಗಳ ಹಿಂದೆ.

ಇಳಿದ ಮೇಲೆ ಟ್ರಿಮ್ ಇದ್ದಲ್ಲೇ ಇಟ್ಟು, ಎಲಿವೇಟರ್ ಎಷ್ಟು ಮಿ.ಮೀ. ಮೇಲೆ ನಿಂತಿದೆ ಎಂದು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಆಮೇಲೆ ಟ್ರಿಮ್ ನಡುವಿಗೆ ತಂದು, ಕ್ಲೆವಿಸ್ ತಿರುಗಿಸಿ ಅದೇ ಮಿ.ಮೀ.ಗೆ ತನ್ನಿ. ಹೀಗೆ ಮಾಡಿದರೆ ಚೀಲದಲ್ಲಿ ಗುಂಡಿ ಒತ್ತಿ ಟ್ರಿಮ್ ಸರಿದುಹೋದರೂ ನಡುವಿಗೆ ತಂದರೆ ಸಾಕು. ಎಡ್ಜ್‌ಟಿಎಕ್ಸ್ ತಂತ್ರಾಂಶದ ರೇಡಿಯೋಗಳಲ್ಲಿ ಟ್ರಿಮ್ ಅನ್ನು ಸಬ್‌ಟ್ರಿಮ್‌ಗೆ ಒಂದೇ ಸಲ ಸಾಗಿಸುವ ಸೌಲಭ್ಯವಿದೆ. ಎರಡು ಮೂರು ಕ್ಲಿಕ್‌ಗೆ ಅದು ಅನುಕೂಲ, ಇಪ್ಪತ್ತು ಕ್ಲಿಕ್ ಮುಚ್ಚಿಡಲು ಬಳಸುವುದು ತಪ್ಪು.

ಬಿಸಿಲಿನ ಊರಿನವರು ಗಮನಿಸಬೇಕಾದದ್ದು ಇನ್ನೊಂದಿದೆ. ಬಾಲ್ಸಾ ವಿಮಾನದಲ್ಲಿ ನೈಲಾನ್ ಪುಶ್‌ರಾಡ್ ಇದ್ದರೆ, 500 ಮಿ.ಮೀ. ಉದ್ದದ ಕಡ್ಡಿ 20 ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚಿದಾಗ ಸುಮಾರು 0.8 ಮಿ.ಮೀ. ಹಿಗ್ಗುತ್ತದೆ, ಬಾಲ್ಸಾ ಅಷ್ಟು ಹಿಗ್ಗುವುದಿಲ್ಲ. 0.8 ಎಂದರೆ ಕ್ಲೆವಿಸ್‌ನ ಎರಡು ಸುತ್ತು! ಹಾರ್ನ್ ಎಲಿವೇಟರಿನ ಕೆಳಗಿದ್ದರೆ ಬೆಳಿಗ್ಗೆ ಮಾಡಿದ ಟ್ರಿಮ್ ಮಧ್ಯಾಹ್ನ ಮೂಗೆತ್ತಿ ನಿಲ್ಲುತ್ತದೆ. ಅದೇ ಉದ್ದದ ಉಕ್ಕಿನ ತಂತಿ ಹಿಗ್ಗುವುದು 0.12 ಮಿ.ಮೀ. ಮಾತ್ರ. ಉದ್ದನೆಯ ಕಡ್ಡಿಗೆ ಉಕ್ಕು ಅಥವಾ ಕಾರ್ಬನ್ ಹಾಕಿ. ಫೋಮ್ ವಿಮಾನವನ್ನು ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ರೆಕ್ಕೆಯೇ ಸೊಟ್ಟಗಾಗುತ್ತದೆ, ಆಮೇಲೆ ಹಳೆಯ ಟ್ರಿಮ್ ಯಾವುದೂ ಹೊಂದುವುದಿಲ್ಲ.

ಹಾರಾಟವನ್ನು ತಾನೇ ಸ್ಥಿರವಾಗಿಡುವ ಜೈರೋ ಅಥವಾ ಸ್ಟೆಬಿಲೈಜರ್ ಇರುವ ಮಾಡೆಲ್ ಆದರೆ ಅದನ್ನು ಆಫ್ ಮಾಡಿ ಟ್ರಿಮ್ ಮಾಡಬೇಕು. ಆನ್ ಇದ್ದರೆ ದೋಷವನ್ನು ಜೈರೋ ತಾನೇ ಮುಚ್ಚಿಬಿಡುತ್ತದೆ. ಕ್ಲೆವಿಸ್‌ನಲ್ಲಿ ಸರಿಮಾಡಿ ಟ್ರಿಮ್ ಸೊನ್ನೆಗೆ ತಂದ ನಂತರ ಬ್ಯಾಟರಿ ತೆಗೆದು ಹಾಕಿ, ಅಲುಗಾಡಿಸದೆ ಜೈರೋ ಹೊಸ ನಡುವನ್ನು ಓದಿಕೊಳ್ಳಲು ಬಿಡಿ. ಬೀಟಾಫ್ಲೈಟ್ ತಂತ್ರಾಂಶ ಹಾಕಿದ ಕ್ವಾಡ್‌ಗೆ (ನಾಲ್ಕು ಪ್ರೊಪೆಲ್ಲರ್‌ನ ಡ್ರೋನ್) ರೇಡಿಯೋ ಟ್ರಿಮ್ ಬಳಸಲೇಬೇಡಿ. ಟ್ರಿಮ್ ಕೊಟ್ಟರೆ ಅದು ಸ್ಟಿಕ್ ಒತ್ತಿ ಹಿಡಿದಂತೆಯೇ ಲೆಕ್ಕ, ಕ್ವಾಡ್ ತಿರುಗುತ್ತಲೇ ಇರುತ್ತದೆ. ಅಲ್ಲಿ ಸಬ್‌ಟ್ರಿಮ್‌ನಿಂದ ರಿಸೀವರ್ ಪುಟದಲ್ಲಿ ಸರಿಯಾಗಿ 1500 ಬರುವಂತೆ ಮಾಡಿ, ಆ್ಯಂಗಲ್ ಮೋಡ್‌ನಲ್ಲಿ (ಸ್ಟಿಕ್ ಬಿಟ್ಟರೆ ತಾನೇ ಸಮಕ್ಕೆ ಬರುವ ಮೋಡ್) ಜರುಗಿದರೆ ಸಮತಟ್ಟಾದ ಜಾಗದಲ್ಲಿಟ್ಟು ಆಕ್ಸೆಲೆರೋಮೀಟರ್ ಕ್ಯಾಲಿಬ್ರೇಟ್ ಮಾಡಿ.

ಕೊನೆಯದಾಗಿ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ರಿಸೀವರ್ ಏನು ಮಾಡಬೇಕೆಂಬ ಸೆಟ್ಟಿಂಗ್. ಕೆಲವು ರಿಸೀವರ್‌ಗಳು ಬೈಂಡ್ ಮಾಡಿದಾಗಿನ (ರೇಡಿಯೋ ಜೊತೆ ಜೋಡಿಸಿದಾಗಿನ) ಸರ್ವೋ ಸ್ಥಾನವನ್ನೇ ನೆನಪಿಟ್ಟುಕೊಂಡಿರುತ್ತವೆ, ಅದು ಟ್ರಿಮ್‌ಗೆ ಮುಂಚಿನದು. ಟ್ರಿಮ್ ಮುಗಿದ ಮೇಲೆ ಫೇಲ್‌ಸೇಫ್ ಮತ್ತೆ ಹೊಂದಿಸಿ, ಪ್ರೊಪೆಲ್ಲರ್ ಬಿಚ್ಚಿ, ಥ್ರಾಟಲ್ ಸ್ವಲ್ಪ ಮೇಲಿಟ್ಟು ರೇಡಿಯೋ ಆಫ್ ಮಾಡಿ. ಮೋಟಾರ್ ನಿಂತು ಎಲಿವೇಟರ್ ಹೊಸ ಜಾಗದಲ್ಲೇ ಉಳಿದರೆ ಸೆಟ್ಟಿಂಗ್ ಕೂತಿದೆ.