ಕೌಂಟಾಚ್ ಎಲ್‌ಪಿ500: ಗೇರ್‌ಬಾಕ್ಸ್ ತಿರುಗಿಸಿ ನಿಲ್ಲಿಸಿದಾಗ ಹುಟ್ಟಿದ ಆಕಾರ

1971ರ ಮಾರ್ಚ್ 11ರಂದು ಜಿನೀವಾ ಮೋಟಾರ್ ಪ್ರದರ್ಶನದಲ್ಲಿ, ಇಟಲಿಯ ಕಾರು ವಿನ್ಯಾಸ ಸಂಸ್ಥೆಯಾದ ಬೆರ್ಟೋನೆಯ ಮಳಿಗೆಯಲ್ಲಿ ಹಳದಿ ಬಣ್ಣದ ಒಂದು ಮೂಲಮಾದರಿ ಕಾರು ಮೊದಲ ಬಾರಿಗೆ ಜನರ ಕಣ್ಣಿಗೆ ಬಿತ್ತು. ಅದರ ಹೆಸರು ಲ್ಯಾಂಬೋರ್ಗಿನಿ ಕೌಂಟಾಚ್ ಎಲ್‌ಪಿ500. ಅದೇ ಪ್ರದರ್ಶನದಲ್ಲಿ ಲ್ಯಾಂಬೋರ್ಗಿನಿಯ ಸ್ವಂತ ಮಳಿಗೆಯಲ್ಲಿ ಮಿಯುರಾ ಎಸ್‌ವಿ ನಿಂತಿತ್ತು. ಉಬ್ಬುತಗ್ಗುಗಳು ಒಂದರೊಳಗೊಂದು ಹರಿಯುವ ಮಿಯುರಾದ ಮೈಕಟ್ಟಿಗೂ ಚಪ್ಪಟೆ ಹಲಗೆಗಳನ್ನು ಕೋನಕ್ಕೆ ಕೋನ ಜೋಡಿಸಿದಂತಿದ್ದ ಈ ಹೊಸ ಕಾರಿಗೂ ನಡುವೆ ಕೇವಲ ಐದು ವರ್ಷಗಳ ಅಂತರವಿತ್ತು ಎಂಬುದನ್ನೂ, ಎರಡರ ರೂಪವನ್ನೂ ರೇಖಿಸಿದವರು ಮಾರ್ಚೆಲ್ಲೊ ಗಾಂದಿನಿ ಎಂಬ ಒಬ್ಬರೇ ವಿನ್ಯಾಸಕಾರರು ಎಂಬುದನ್ನೂ ಇಂದಿಗೂ ನಂಬುವುದು ಕಷ್ಟ.

ಕೌಂಟಾಚ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ಬೆಣೆಯಂಥ ಆಕಾರದಿಂದ ಆರಂಭಿಸಿ, ಮೇಲಕ್ಕೆ ಏಳುವ ಬಾಗಿಲುಗಳಿಗೆ ಬಂದು ಮುಗಿಸುತ್ತಾರೆ. ಆ ಆಕಾರದ ಬೇರು ಇರುವುದು ಕಾರಿನ ಒಳಗೆ, ಗೇರ್‌ಬಾಕ್ಸನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಮುಖ್ಯ ಎಂಜಿನಿಯರ್ ಪಾವೊಲೊ ಸ್ಟಾಂಜಾನಿ ಕೊಟ್ಟ ಉತ್ತರದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಉತ್ತರ ಅರ್ಥವಾಗಬೇಕಾದರೆ ಮಿಯುರಾದಿಂದಲೇ ಶುರುಮಾಡಬೇಕು.

ಮಿಯುರಾದ ಬರಿಯ ಚಾಸಿಯನ್ನು, ಅಂದರೆ ಮೈಯಿಲ್ಲದ ಅಡಿಗಟ್ಟನ್ನು, ಮೊದಲು ತೋರಿಸಿದ್ದು 1965ರ ತುರಿನ್ ಪ್ರದರ್ಶನದಲ್ಲಿ. ಪೂರ್ತಿ ಕಾರು ಬಂದದ್ದು 1966ರಲ್ಲಿ, ಜಿನೀವಾದಲ್ಲಿ. ಹನ್ನೆರಡು ಸಿಲಿಂಡರುಗಳ (ವಿ12) ಎಂಜಿನನ್ನು ಸೀಟುಗಳ ಬೆನ್ನಿಗೆ, ಹಿಂಚಕ್ರಗಳ ಮುಂದೆ, ಅಡ್ಡಲಾಗಿ ಕೂರಿಸಿದ್ದು ಅದರ ದೊಡ್ಡ ಸಾಹಸ. ಗೇರ್‌ಬಾಕ್ಸ್ ಮತ್ತು ಶಕ್ತಿಯನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ಗಳು ಎಂಜಿನ್ನಿನ ಎರಕದಲ್ಲೇ ಸೇರಿಕೊಂಡಿದ್ದವು. ಆರಂಭದ ಕಾರುಗಳಲ್ಲಿ ಇವೆಲ್ಲಕ್ಕೂ ಒಂದೇ ಎಣ್ಣೆ. ಜಾಗದ ಉಳಿತಾಯಕ್ಕೆ ಇದಕ್ಕಿಂತ ಜಾಣ ಜೋಡಣೆ ಆಗ ಇನ್ನೊಂದಿರಲಿಲ್ಲ. ಆದರೆ ಗೇರ್ ಲಿವರಿನಿಂದ ಹೊರಟ ಸಲಾಕೆಗಳು ಎಂಜಿನನ್ನು ದಾಟಿ ಹಿಂದಕ್ಕೆ ಹೋಗಬೇಕಾಗಿದ್ದರಿಂದ ಗೇರು ಬದಲಿಸುವುದು ಬಿಗಿಯಾಗಿತ್ತು; ಎಂಜಿನ್ನಿನ ಶಾಖವೂ ಸದ್ದೂ ಚಾಲಕನ ತಲೆಯ ಹಿಂದೆಯೇ ಇದ್ದವು; ವೇಗ ತೀರ ಹೆಚ್ಚಾದಾಗ ಗಾಳಿ ಮೂತಿಯನ್ನು ಎತ್ತಿ, ಸ್ಟಿಯರಿಂಗ್ ಹಗುರಾಗುತ್ತಿತ್ತು. ಮಿಯುರಾದ ಉತ್ತರಾಧಿಕಾರಿಗೆ ಇವೆಲ್ಲವೂ ಪರಿಹರಿಸಲೇಬೇಕಾದ ಲೆಕ್ಕಗಳಾಗಿದ್ದವು.

ಎಂಜಿನನ್ನು ಅಡ್ಡಕ್ಕೆ ಬದಲಾಗಿ ಉದ್ದಕ್ಕೆ ಕೂರಿಸುವುದು ಮೊದಲ ಹೆಜ್ಜೆ. ಹೆಸರಿನಲ್ಲಿರುವ ಎಲ್‌ಪಿ ಎಂಬ ಎರಡು ಅಕ್ಷರಗಳು ಇಟಾಲಿಯನ್ನಿನಲ್ಲಿ ಹೇಳುವುದೂ ಅದನ್ನೇ: ಉದ್ದುದ್ದ, ಹಿಂಭಾಗದಲ್ಲಿ. ಆ ಕಾಲದ ರೂಢಿಯಂತೆ ಮಾಡಿದ್ದರೆ ಸೀಟುಗಳ ಹಿಂದೆ ಎಂಜಿನ್, ಅದರ ಹಿಂದೆ ಕ್ಲಚ್, ಅದರ ಹಿಂದೆ, ಹಿಂದಿನ ಅಚ್ಚನ್ನೂ ದಾಟಿ ಚಾಚಿಕೊಳ್ಳುವ ಗೇರ್‌ಬಾಕ್ಸ್ ಇರಬೇಕಿತ್ತು. ವಿ12ರಷ್ಟು ಉದ್ದದ ಎಂಜಿನ್ನಿಗೆ ಇದನ್ನು ಅನ್ವಯಿಸಿದರೆ ಒಂದೋ ಕಾರು ವಿಪರೀತ ಉದ್ದವಾಗುತ್ತದೆ, ಇಲ್ಲವೇ ಭಾರವೆಲ್ಲ ಬಾಲಕ್ಕೆ ಜಗ್ಗುತ್ತದೆ. ಸ್ಟಾಂಜಾನಿ ಇಡೀ ಜೋಡಣೆಯನ್ನು ಹಿಂದುಮುಂದಾಗಿ ತಿರುಗಿಸಿಬಿಟ್ಟರು. ಕ್ಲಚ್ ಎಂಜಿನ್ನಿನ ಮುಂಭಾಗಕ್ಕೆ ಬಂತು. ಗೇರ್‌ಬಾಕ್ಸ್ ಇನ್ನೂ ಮುಂದೆ ಹೋಗಿ ಎರಡು ಸೀಟುಗಳ ನಡುವೆ ಕುಳಿತಿತು. ಗೇರ್ ಲಿವರ್ ನೇರವಾಗಿ ಅದರ ನೆತ್ತಿಯ ಮೇಲೇ ನಿಂತಿತು. ಸಲಾಕೆಗಳ ಉದ್ದನೆಯ ಪ್ರಯಾಣವೇ ಇಲ್ಲವಾಯಿತು.

ಹೀಗೆ ಮುಂದಕ್ಕೆ ಹರಿದ ಶಕ್ತಿ ಹಿಂಚಕ್ರಗಳಿಗೆ ಮರಳುವುದು ಹೇಗೆ? ಗೇರ್‌ಬಾಕ್ಸಿನಿಂದ ಹೊರಟ ಒಂದು ಶಾಫ್ಟು ಎಂಜಿನ್ನಿನ ಕೆಳಗಿನ ಎಣ್ಣೆ ತೊಟ್ಟಿಯ ಒಳಗೇ, ಎಣ್ಣೆ ಸೋಂಕದಂತೆ ಮುಚ್ಚಿದ ಕೊಳವೆಯಲ್ಲಿ ಹಾದು, ಎಂಜಿನ್ನಿನ ಹಿಂಬದಿಯಲ್ಲಿರುವ ಡಿಫರೆನ್ಷಿಯಲ್ಲನ್ನು ತಲುಪುತ್ತದೆ. ಯಂತ್ರಭಾಗಗಳ ನಕ್ಷೆ ಬಿಡಿಸುವುದೇ ಕಸುಬಾಗಿರುವ ನನಗೆ ಈ ಕಾರಿನ ಸೀಳುನೋಟದ ಚಿತ್ರ ಎದುರಾದಾಗಲೆಲ್ಲ ಕಣ್ಣು ಮೊದಲು ಹೋಗಿ ನಿಲ್ಲುವುದು ಆ ಶಾಫ್ಟಿನ ಮೇಲೆ. ಅದಕ್ಕೆ ದಾರಿ ಬಿಡಲು ಎಂಜಿನನ್ನು ಸ್ವಲ್ಪ ಎತ್ತರಿಸಬೇಕಾಯಿತು, ಅಂದರೆ ಭಾರಕೇಂದ್ರವೂ ಅಷ್ಟು ಮೇಲೇರಿತು. ಒಳಗೆ ಸೀಟುಗಳ ನಡುವೆ ಅಗಲವಾದ ದಿಬ್ಬವೊಂದು ಎದ್ದಿತು. ಇವು ಸಣ್ಣ ಬೆಲೆಗಳೇನಲ್ಲ. ಆದರೂ ಕೈಗೆ ಸಿಕ್ಕ ಲಾಭ ದೊಡ್ಡದು. ಮಿಯುರಾದ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2,500 ಮಿಲಿಮೀಟರ್ ಅಂತರವಿದ್ದರೆ, ಎಂಜಿನನ್ನು ಉದ್ದಕ್ಕೆ ಇಟ್ಟುಕೊಂಡ ಕೌಂಟಾಚ್‌ನಲ್ಲಿ ಅದು 2,450ಕ್ಕೆ ಇಳಿಯಿತು. ಭಾರವಾದ ಭಾಗಗಳೆಲ್ಲ ಎರಡೂ ಅಚ್ಚುಗಳ ನಡುವೆಯೇ ಒತ್ತೊತ್ತಾಗಿ ಕುಳಿತವು.

ಗಾಂದಿನಿಯವರ ಗೆರೆಗಳನ್ನು ಈ ಜೋಡಣೆಯ ಮೇಲಿಟ್ಟು ನೋಡಬೇಕು. ಗೇರ್‌ಬಾಕ್ಸ್ ಸೀಟುಗಳ ನಡುವೆ ಬಂದು, ಎಂಜಿನ್ ಅದರ ಬೆನ್ನಿಗೆ ನಿಂತ ಮೇಲೆ, ಕುಳಿತುಕೊಳ್ಳುವವರು ಮುಂದಕ್ಕೆ ಸರಿಯಲೇಬೇಕು. ಚಾಲಕನ ಪಾದಗಳು ಮುಂಚಕ್ರಗಳ ನಡುವೆ ಹೋಗಿ ಸೇರುತ್ತವೆ. ಆಗ ಮುಂದಿನ ಗಾಜನ್ನೂ ಮುಂದಕ್ಕೆ ಎಳೆಯಬೇಕಾಗುತ್ತದೆ, ಮೂತಿ ಮೊಟಕಾಗುತ್ತದೆ. ಮೂತಿಯ ತುದಿಯಿಂದ ಹೊರಟ ಇಳಿಜಾರು ಗಾಜಿನ ಮೇಲೂ ಹೆಚ್ಚುಕಡಿಮೆ ಅದೇ ಓಟದಲ್ಲಿ ಏರಿ ಮಾಡಿನ ಅಂಚನ್ನು ಮುಟ್ಟುವುದು ಸಾಧ್ಯವಾದದ್ದು ಇದರಿಂದ. ತಗ್ಗಾದ, ಚೂಪಾದ ಮೂತಿಯು ಮಿಯುರಾದ ಮೂತಿಯೇಳುವ ರೋಗಕ್ಕೂ ಮದ್ದಾಗುತ್ತದೆ ಎಂಬ ಎಣಿಕೆ ಇದರ ಹಿಂದಿತ್ತು. ಅಷ್ಟು ತಗ್ಗಿನ ಮೂತಿಯಲ್ಲಿ ದೀಪಗಳಿಗೆ ಜಾಗವಿಲ್ಲದ ಕಾರಣ ಅವು ಬೇಕಾದಾಗ ಮಾತ್ರ ಮೇಲೇಳುವಂಥವಾದವು. ಹಿಂಚಕ್ರದ ಮೇಲಿನ ಕಮಾನನ್ನು ಗುಂಡಗೆ ಕತ್ತರಿಸದೆ, ಓರೆಯಾದ ಗೆರೆಯಲ್ಲಿ ಕತ್ತರಿಸಿದ್ದು ಮಾತ್ರ ಯಾವ ಯಾಂತ್ರಿಕ ಒತ್ತಾಯದಿಂದಲೂ ಬಂದದ್ದಲ್ಲ. ಅದು ಗಾಂದಿನಿಯವರ ಕೈಯ ಸಹಿ.

ಬೆಣೆಯಾಕಾರವನ್ನೂ ಮೇಲೇಳುವ ಬಾಗಿಲನ್ನೂ ಅವರು ಬೆರ್ಟೋನೆಯಲ್ಲಿದ್ದಾಗಲೇ, 1968ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಮಾಡಿದ ಆಲ್ಫಾ ರೊಮಿಯೊ ಕಾರಾಬೊದಲ್ಲಿ ಪ್ರಯೋಗಿಸಿದ್ದರು. ಅದು ಪ್ರದರ್ಶನಕ್ಕೆಂದೇ ಮಾಡಿದ ಕಾರು. ಕೌಂಟಾಚ್‌ನಲ್ಲಿ ಅದೇ ಬಾಗಿಲು ದಿನಬಳಕೆಯ ಅಗತ್ಯಕ್ಕೆ ಉತ್ತರವಾಯಿತು. ಸುಮಾರು 1.9 ಮೀಟರ್ ಅಗಲದ, ಎತ್ತರದಲ್ಲಿ ಒಂದು ಮೀಟರಿಗಿಂತ ತುಸುವೇ ಹೆಚ್ಚಿರುವ ಕಾರಿಗೆ ಎಲ್ಲರಂತೆ ಪಕ್ಕಕ್ಕೆ ತೆರೆಯುವ ಉದ್ದನೆಯ ಬಾಗಿಲನ್ನು ಹಾಕಿದರೆ, ಪಕ್ಕದಲ್ಲಿ ಇನ್ನೊಂದು ಕಾರು ನಿಂತಿರುವಲ್ಲಿ ಇಳಿಯುವುದೇ ಆಗದು. ಕೀಲನ್ನು ಮುಂದೆ ಇಟ್ಟು, ಬಾಗಿಲು ನೆಟ್ಟಗೆ ಮೇಲಕ್ಕೆ ತಿರುಗುವಂತೆ ಮಾಡಿದ್ದರಿಂದ ಆ ತೊಂದರೆ ತಪ್ಪಿತು. ಇನ್ನೊಂದು ಉಪಯೋಗವೂ ಇತ್ತು. ಹಿಂದಿನ ನೋಟ ಬಹಳ ಕಡಿಮೆ ಇರುವ ಈ ಕಾರನ್ನು ಹಿಮ್ಮುಖವಾಗಿ ಚಲಾಯಿಸಬೇಕಾದಾಗ ಚಾಲಕನು ಬಾಗಿಲನ್ನು ಮೇಲೆತ್ತಿ, ಅಗಲವಾದ ಹೊಸ್ತಿಲಿನ ಮೇಲೆ ಕುಳಿತು, ಮೈ ಹೊರಚಾಚಿ ಹಿಂದಕ್ಕೆ ಕತ್ತು ಹೊರಳಿಸಿ, ಒಂದು ಕಾಲನ್ನು ಪೆಡಲುಗಳ ಮೇಲಿಟ್ಟು ನಡೆಸುತ್ತಿದ್ದನು. ಕಾರು ಮಗುಚಿ ಬಿದ್ದರೆ ಅದೇ ಬಾಗಿಲು ತೆರೆಯದೆ ಒಳಗಿರುವವರು ಸಿಲುಕಬಹುದು ಎಂಬ ಗಂಭೀರ ಕೊರತೆಯನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಪ್ರದರ್ಶನ ಮುಗಿದ ಮೇಲೆ ಎಲ್‌ಪಿ500 ಮಂಟಪದ ಕಾರಾಗಿ ಉಳಿಯಲಿಲ್ಲ. ನ್ಯೂಜಿಲೆಂಡಿನಿಂದ ಬಂದು ಸಾಂತ್ ಅಗಾತ ಬೊಲೊನ್ಯೇಸೆಯ ಲ್ಯಾಂಬೋರ್ಗಿನಿ ಕಾರ್ಖಾನೆಯಲ್ಲಿ ಪರೀಕ್ಷಾ ಚಾಲಕರಾಗಿದ್ದ ಬಾಬ್ ವಾಲೆಸ್ ಅದನ್ನು ಇಟಲಿಯ ರಸ್ತೆಗಳಲ್ಲಿ ಓಡಿಸಿದರು. ಈ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ ಇದು, ಏಕೆಂದರೆ ವಿನ್ಯಾಸ ಪೂರ್ತಿಗೊಂಡದ್ದು ಇಲ್ಲಿ. 4,971 ಸಿಸಿಗೆ ಹಿಗ್ಗಿಸಿದ ಐದು ಲೀಟರಿನ ಎಂಜಿನ್ ಪರೀಕ್ಷೆಯಲ್ಲಿ ಬಾಳಲಿಲ್ಲ. ಅದರ ಜಾಗಕ್ಕೆ ಮಿಯುರಾದಲ್ಲಿ ಪಳಗಿದ್ದ 3,929 ಸಿಸಿಯ ಎಂಜಿನ್ ಬಂತು, ಮಾರಾಟದ ಕಾರಿಗೆ ಎಲ್‌ಪಿ400 ಎಂಬ ಹೆಸರಾಯಿತು. ತಗಡುಗಳನ್ನು ಮಡಿಸಿ ಬೆಸೆದು ಮಾಡಿದ್ದ ಮೊದಲಿನ ಚಾಸಿಯ ಬದಲು ಉಕ್ಕಿನ ಕೊಳವೆಗಳ ಹಂದರ ಬಂತು. ಹೊರಮೈಗೆ ಉಕ್ಕಿನ ಬದಲು ಅಲ್ಯೂಮಿನಿಯಂ ಬಂತು.

ಇವೆಲ್ಲಕ್ಕಿಂತ ದೊಡ್ಡ ಸಮಸ್ಯೆ ಶಾಖ. ರೇಡಿಯೇಟರುಗಳು ಎಂಜಿನ್ನಿನ ಎರಡೂ ಪಕ್ಕಗಳಲ್ಲಿ, ಕಾರಿನ ಹಿಂಭಾಗದಲ್ಲಿದ್ದವು. ಮೂಲಮಾದರಿಯಲ್ಲಿ ಅವುಗಳಿಗೆ ಗಾಳಿ ಹೋಗಲು ಪಕ್ಕದ ಗಾಜಿನ ಹಿಂದೆ, ಮೇಲ್ಮೈಗೆ ಸಮನಾಗಿ, ಕಿಟಕಿಯ ಪಟ್ಟಿಗಳಂಥ ಓರೆ ಸೀಳುಗಳನ್ನು ಮಾತ್ರ ಬಿಟ್ಟಿದ್ದರು. ಮೈಯ ಗೆರೆ ಎಲ್ಲಿಯೂ ತುಂಡಾಗದಂತೆ ಮಾಡಿದ ಆ ಸೀಳುಗಳು ನೋಡಲು ಎಷ್ಟು ಚೆನ್ನವೋ ಗಾಳಿ ಹಿಡಿಯಲು ಅಷ್ಟೇ ನಿಷ್ಪ್ರಯೋಜಕವಾಗಿದ್ದವು. ಕಾರಿನ ಪಕ್ಕದಲ್ಲಿ ಸರಿದುಹೋಗುವ ಗಾಳಿಗೆ ಒಳಗೆ ತಿರುಗಲು ಕಾರಣವೇ ಇರಲಿಲ್ಲ. ಎಂಜಿನ್ ಕಾದುಹೋಗುತ್ತಿತ್ತು. ಕೊನೆಗೆ ಎರಡು ಭುಜಗಳ ಮೇಲೆ ಗಾಳಿಗೆ ಎದುರಾಗಿ ಬಾಯ್ದೆರೆದ ಪೆಟ್ಟಿಗೆಗಳು ಎದ್ದವು. ಪಕ್ಕಗಳಲ್ಲಿ ನಾಕಾ ಗಾಳಿಗಂಡಿಗಳನ್ನು ಕೊರೆದರು. ನಾಕಾ ಎಂದರೆ ಅಮೆರಿಕದ ಹಿಂದಿನ ವಿಮಾನಶಾಸ್ತ್ರ ಸಲಹಾ ಸಮಿತಿ. ವಿಮಾನಗಳಿಗಾಗಿ ಅದು ರೂಪಿಸಿದ ಈ ಗಂಡಿ ಮುಂದೆ ಕಿರಿದಾಗಿ ಶುರುವಾಗಿ, ಹಿಂದೆ ಹೋದಂತೆ ಅಗಲವೂ ಆಳವೂ ಆಗುತ್ತದೆ, ಮೇಲ್ಮೈಯಿಂದ ಹೊರಗೆ ಚಾಚಿಕೊಳ್ಳದೆಯೇ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಈ ಪೆಟ್ಟಿಗೆಗಳಿಂದಲೂ ಗಂಡಿಗಳಿಂದಲೂ ಮೂಲಮಾದರಿಯ ಶುದ್ಧ ರೂಪ ಕೆಟ್ಟಿತು ಎಂದು ಹಲವರು ಕೊರಗುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಎಲ್‌ಪಿ400ರ ಪಕ್ಕದ ಗಂಡಿಯನ್ನು ಹತ್ತಿರದಿಂದ ನೋಡಿ: ಅದು ಬಾಗಿಲಿನ ಮೇಲೆ ಶುರುವಾಗುತ್ತದೆ, ಬಾಗಿಲಿನ ಅಂಚನ್ನು ದಾಟಿ ಹಿಂದಿನ ಮೈಯೊಳಗೆ ಮುಂದುವರಿಯುತ್ತದೆ, ಬಾಗಿಲು ತೆರೆಯುವ ಹಿಡಿಯೂ ಆ ಗಂಡಿಯ ಒಳಗೇ ಅಡಗಿ ಕುಳಿತಿದೆ. ಬಾಗಿಲು ಮೇಲೆದ್ದಾಗ ಗಂಡಿ ಎರಡು ತುಂಡಾಗಿ, ಮುಚ್ಚಿದಾಗ ಮತ್ತೆ ಗೆರೆಗೆ ಗೆರೆ ಕೂಡಿಕೊಳ್ಳುತ್ತದೆ. ಶಾಖದ ಒತ್ತಡದಲ್ಲಿ ಕೊರೆಯಬೇಕಾಗಿ ಬಂದ ತೂತನ್ನು ಹೀಗೆ ಬಾಗಿಲಿನ ಹಿಡಿಗೂ ಪಕ್ಕದ ಮೈಯ ಒಟ್ಟು ಚಿತ್ರಕ್ಕೂ ದುಡಿಸಿಕೊಳ್ಳುವುದು ಬಹಳ ದೊಡ್ಡ ಕೌಶಲ. ತಮ್ಮ ಆಸಕ್ತಿ ವಾಹನದ ರಚನೆ, ಜೋಡಣೆ ಮತ್ತು ಯಂತ್ರವ್ಯವಸ್ಥೆಗಳ ಮೇಲೆಯೇ ಹೊರತು ಬರಿಯ ಹೊರತೋರಿಕೆಯ ಮೇಲಲ್ಲ ಎಂಬ ಅರ್ಥದ ಮಾತನ್ನು ಗಾಂದಿನಿ ಹೇಳುತ್ತಿದ್ದರು. ಅದಕ್ಕೆ ಈ ಗಂಡಿಗಿಂತ ಉತ್ತಮ ಸಾಕ್ಷಿ ನನಗೆ ಕಂಡಿಲ್ಲ.

ಪರಿಹಾರವಾಗದೆ ಉಳಿದ ಕೊರತೆಗಳೂ ಇವೆ. ಪಕ್ಕದ ಗಾಜುಗಳು ಒಳಕ್ಕೆ ಅಷ್ಟು ವಾಲಿಕೊಂಡಿದ್ದರಿಂದ ಬಾಗಿಲೊಳಗೆ ಪೂರ್ತಿ ಇಳಿಯಲು ಜಾಗವಿರಲಿಲ್ಲ. ಗಾಜಿನ ಸಣ್ಣದೊಂದು ಭಾಗ ಮಾತ್ರ ತೆರೆಯುತ್ತಿತ್ತು. ಹಿಂದಿನದನ್ನು ನೋಡಲು ಪೆರಿಸ್ಕೋಪಿನ ಮಾದರಿಯ ಕನ್ನಡಿ ಇಡುವ ಆಲೋಚನೆಯಿಂದ ಮಾಡಿನ ನಡುವೆ ಒಂದು ತೋಡನ್ನು ಮಾಡಿದ್ದರು. ಆರಂಭದ ನೂರೈವತ್ತರ ಆಸುಪಾಸಿನ ಕಾರುಗಳನ್ನು ಸಂಗ್ರಾಹಕರು ಆ ತೋಡಿನಿಂದಲೇ ಗುರುತಿಸುತ್ತಾರೆ.

ಇದೇ ಅವಧಿಯಲ್ಲಿ ಕಂಪನಿಯ ಹಣಕಾಸು ಕುಸಿಯುತ್ತಿತ್ತು. ಫೆರುಚಿಯೊ ಲ್ಯಾಂಬೋರ್ಗಿನಿ 1972ರಲ್ಲಿ ತಮ್ಮ ಕಾರು ಕಂಪನಿಯ ಹೆಚ್ಚಿನ ಪಾಲನ್ನು, 1974ರಲ್ಲಿ ಉಳಿದುದನ್ನು ಮಾರಿದರು. ಎರಡನೆಯ ಮೂಲಮಾದರಿ, ಈಗಾಗಲೇ ಭುಜದ ಪೆಟ್ಟಿಗೆಗಳನ್ನೂ ಪಕ್ಕದ ಗಂಡಿಗಳನ್ನೂ ಪಡೆದಿದ್ದದ್ದು, 1973ರ ಜಿನೀವಾದಲ್ಲಿ ಕೆಂಪು ಬಣ್ಣದಲ್ಲಿ ಕಾಣಿಸಿಕೊಂಡು, ಆಮೇಲೆ ಹಸಿರಾಯಿತು. ಕೌಂಟಾಚ್ ಹಲವು ರೂಪಗಳಲ್ಲಿ 1990ರವರೆಗೂ ತಯಾರಾಯಿತು. ನಂತರದ ರೂಪಗಳಿಗೆ ಬಂದ ಅಗಲ ಕಮಾನುಗಳೂ ಹಿಂದಿನ ರೆಕ್ಕೆಯೂ ಭಿತ್ತಿಚಿತ್ರಗಳಲ್ಲಿ ಜನಪ್ರಿಯವಾದವು. ಅವುಗಳ ಬಗ್ಗೆ ನನಗೆ ಅಂಥ ಒಲವಿಲ್ಲ.

ಹಳದಿ ಎಲ್‌ಪಿ500ರ ಪಾಡು ಏನಾಯಿತು? ಮಾರಾಟಕ್ಕೆ ಅನುಮತಿ ಪಡೆಯಲು ಯಾವುದಾದರೂ ಒಂದು ಕಾರನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಬೇಕಾಗಿತ್ತು. ಕೆಲಸ ಮುಗಿದಿದ್ದ ಮೊದಲ ಮೂಲಮಾದರಿಯನ್ನು 1974ರಲ್ಲಿ ಇಂಗ್ಲೆಂಡಿನ ಮೋಟಾರು ಸಂಶೋಧನಾ ಸಂಸ್ಥೆಯಾದ ಮೀರಾಕ್ಕೆ ಕಳುಹಿಸಿ, ಅಲ್ಲಿ ಅಪ್ಪಳಿಸಿದರು; ಉಳಿದದ್ದು ಗುಜರಿಯಾಯಿತು. 2017ರ ಕೊನೆಯಲ್ಲಿ ಒಬ್ಬ ಸಂಗ್ರಾಹಕರ ಕೋರಿಕೆಯಂತೆ ಲ್ಯಾಂಬೋರ್ಗಿನಿಯ ಹಳೆಯ ಕಾರುಗಳ ವಿಭಾಗವಾದ ಪೋಲೊ ಸ್ತೋರಿಕೊ ಅದನ್ನು ಹೊಸದಾಗಿ ಕಟ್ಟಲು ಹೊರಟಿತು. ಹಳೆಯ ಛಾಯಾಚಿತ್ರಗಳು, ಕಡತಗಳು, ಸಭೆಗಳ ಟಿಪ್ಪಣಿಗಳನ್ನು ಆಧರಿಸಿ, ತಗಡನ್ನು ಕೈಯಿಂದಲೇ ಬಡಿದು ಮೈಯನ್ನು ರೂಪಿಸಿದರು. ಪಿರೆಲ್ಲಿ ಕಂಪನಿ ತನ್ನ ದಾಖಲೆಗಳನ್ನು ನೋಡಿ ಚಿಂಟುರಾಟೊ ಸಿಎನ್12 ಟಯರುಗಳನ್ನು ಮತ್ತೆ ಮಾಡಿಕೊಟ್ಟಿತು. 25,000 ಗಂಟೆಗಳಿಗೂ ಹೆಚ್ಚಿನ ಕೆಲಸದ ನಂತರ 2021ರ ಅಕ್ಟೋಬರಿನಲ್ಲಿ, ಕೋಮೊ ಸರೋವರದ ದಂಡೆಯ ವಿಲ್ಲಾ ದೆಸ್ತೆಯ ಪ್ರದರ್ಶನದಲ್ಲಿ ಅದು ಹೊರಬಂತು. ಗಾಂದಿನಿ ಆಗ ಬದುಕಿದ್ದರು. ಅವರು ತೀರಿಕೊಂಡದ್ದು 2024ರ ಮಾರ್ಚ್‌ನಲ್ಲಿ.

ಮರುಕಟ್ಟಿದ ಈ ಕಾರು 1971ರ ಕಾರೇ ಎಂದು ಯಾರೂ ಹೇಳಲಾರರು. ಆದರೂ ಅದನ್ನು ಕಟ್ಟಿದ್ದು ಸಾರ್ಥಕವೆಂದೇ ನಾನು ಭಾವಿಸುತ್ತೇನೆ. 1973ರ ಮೂಲಮಾದರಿ ಲ್ಯಾಂಬೋರ್ಗಿನಿಯ ಸಂಗ್ರಹದಲ್ಲಿ ಉಳಿದುಕೊಂಡಿರುವುದರಿಂದ, ವಾಲೆಸ್ ರಸ್ತೆಯಲ್ಲಿ ಕಂಡುಕೊಂಡದ್ದೆಲ್ಲ ಮೈಯ ಮೇಲೆ ಹೇಗೆ ಮೂಡಿತು ಎಂಬುದನ್ನು ಎರಡೂ ಕಾರುಗಳನ್ನು ಹೋಲಿಸಿ ನೋಡುವವರು ಈಗ ಇಂಚಿಂಚಾಗಿ ಅಳೆಯಬಹುದು. ಅಂಥ ಅವಕಾಶ ನನಗೆ ಸಿಕ್ಕಿದರೆ ಬಾಗಿಲನ್ನೂ ಮೂತಿಯನ್ನೂ ಬಿಟ್ಟು ಮೊದಲು ಭುಜದ ಬಳಿಗೆ ಹೋಗಿ, ಒಂದರ ಸೀಳುಗಳಿಗೂ ಇನ್ನೊಂದರ ಪೆಟ್ಟಿಗೆಗೂ ಗಾಳಿ ಒಳಹೋಗುವ ಬಾಯಿ ಎಷ್ಟೆಷ್ಟು ಚದರ ಸೆಂಟಿಮೀಟರ್ ಇದೆ ಎಂದು ಬರೆದುಕೊಳ್ಳುತ್ತೇನೆ.